ಮೂವರ ಬೆಣ್ಣೆ

ಮೆತ್ತನೆಯದೇನು ಕೈಗೆ ಸಿಕ್ಕರೂ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಬೆರಳು ತೆಗೆದು, ಬಿದ್ದ ಗುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆಂದು ತಲೆ ಓರೆ ಮಾಡಿ ಕಾಯುವ ಮನುಷ್ಯ ಆತ. ನಾದಿಟ್ಟ ಹಿಟ್ಟನ್ನು ಒತ್ತಿ ನೋಡುವುದು ಬೇಕರಿಯವನ ಕಸುಬು, ಅದರಲ್ಲಿ ಹೊಸತೇನಿಲ್ಲ. ಆದರೆ ಇವನು ಬಸ್ಸಿನ ಸೀಟನ್ನೂ ಒತ್ತುತ್ತಿದ್ದ, ನೆಂಟರ ಮನೆಯ ದಿಂಬನ್ನೂ ಒತ್ತುತ್ತಿದ್ದ, ಮಲಗಿದ ಕೂಸಿನ ಕೆನ್ನೆ ಒತ್ತಿ ಬಾಣಂತಿಯ ಕೈಲಿ ಬೈಸಿಕೊಳ್ಳುತ್ತಿದ್ದ. ನಮ್ಮ ಬೀದಿಯವರು ಅವನಿಗೆ ಹೆಬ್ಬೆಟ್ಟಣ್ಣನೆಂದು ಹೆಸರಿಟ್ಟರು. ಹೊಸಬರು, ಪಾಪ, ಸಹಿ ಹಾಕಲು ಬಾರದವನೇನೋ ಎಂದು ಕನಿಕರಪಡುತ್ತಿದ್ದರು. ಅವನೂ ತಿದ್ದಲು ಹೋಗುತ್ತಿರಲಿಲ್ಲ.

ಬೇಕರಿ ಕೆಳಗೆ, ಮನೆ ಮೇಲೆ. ಬೆಳಗಿನ ಬಿಸಿಲು ಗಾಜಿನ ಕಿಂಡಿಯಿಂದ ಇಳಿದು ಗಾಳಿಯಲ್ಲಿ ತೇಲುವ ಹಿಟ್ಟಿನ ಹುಡಿಯನ್ನು ಮುಟ್ಟುತ್ತಿದ್ದಂತೆ ಆ ಕೋಣೆ ಅರೆನಿದ್ದೆಯಲ್ಲಿ ಕಂಡ ಕೋಣೆಯಂತಾಗುತ್ತಿತ್ತು. ಬೇಯುವ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ, ಹಾಸಿಗೆಯಲ್ಲಿದ್ದವರನ್ನು ಹೆಸರು ಹಿಡಿದು ಕೂಗದೆಯೇ ಎಬ್ಬಿಸುತ್ತಿತ್ತು. ಆ ಮಂಜಿನಂಥ ಬೆಳಕಿನ ನಡುವೆ ಮೊಣಕಾಲಿನವರೆಗಿನ ಬಿಳಿಯ ಕೋಟು ತೊಟ್ಟು ಅವನು ಓಡಾಡುವುದನ್ನು ಹೆಂಡತಿ ಕೊನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಅವಳು ಅವನನ್ನು ಅಷ್ಟು ನೋಡಿರಲಿಲ್ಲ.

ನೋಡುವ ರೂಢಿ ಶುರುವಾದದ್ದು ಹಿಂದಿನ ವರ್ಷ, ಅವನ ಮೇದೋಜೀರಕದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿದ ಮೇಲೆ. ದೊಡ್ಡ ಆಪರೇಷನ್ನೇ ಆಯಿತು. ಆ ಗ್ರಂಥಿಯ ತಲೆಭಾಗವನ್ನೂ ಪಕ್ಕದ ಕರುಳಿನ ತುಂಡನ್ನೂ ತೆಗೆದು ಉಳಿದದ್ದನ್ನು ಹೊಸದಾಗಿ ಜೋಡಿಸಿದರು. "ಒಳಗಿನ ಪೈಪೆಲ್ಲ ಬದಲಾಯಿಸಿದಾರೆ, ನಲ್ಲಿ ಮಾತ್ರ ಹಳೇದು" ಎಂದು ಅವನು ಗಿರಾಕಿಗಳಿಗೆ ಗಂಭೀರವಾಗಿ ವಿವರಿಸುತ್ತಿದ್ದ. ನಡಿಗೆ ಮಾತ್ರ ಬದಲಾಯಿತು. ಎಡಗೈಯನ್ನು ಹೊಟ್ಟೆಯ ಮುಂದೆ ಅಂಗೈ ಮೇಲಾಗಿ ಹಿಡಿದು, ತುಂಬಿದ ಟ್ರೇಯನ್ನು ಹೊತ್ತವನಂತೆ, ಯಾರಾದರೂ ಡಿಕ್ಕಿ ಹೊಡೆದಾರೆಂದು ಓರೆಯಾಗಿ ನಡೆಯುತ್ತಿದ್ದ. ಕೋಟಿನ ಜೇಬಿನಲ್ಲಿ ಸದಾ ಮಾತ್ರೆ. ಗ್ರಂಥಿ ಸುರಿಸಬೇಕಾದ ರಸವೇ ಆ ಮಾತ್ರೆಯಲ್ಲಿರುವುದು. ಮೊದಲ ತುತ್ತಿನ ಜೊತೆ ಅದನ್ನು ನುಂಗದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ನುಂಗುವ ಮುಂಚೆ ಮಾತ್ರೆಯನ್ನೂ ಒತ್ತಿ ನೋಡುತ್ತಾನೆಂದು ಮಗಳು ನಗುತ್ತಿದ್ದಳು.

ಹಾಗೂ ಹೀಗೂ ಚೇತರಿಸಿಕೊಂಡ ಎನ್ನುವಾಗ ರಕ್ತಪರೀಕ್ಷೆಯಲ್ಲಿ ಯಾವುದೋ ಒಂದು ಅಂಕಿ ಏರಿತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸುತ್ತ, "ಮತ್ತೆ ಬಂದಿರಬಹುದು. ಬರದೇನೂ ಇರಬಹುದು. ಸ್ವಲ್ಪ ದಿನ ಬಿಟ್ಟು ಸ್ಕ್ಯಾನ್ ಮಾಡೋಣ" ಅಂದರು. ಆ ಸಂಶಯ ಕರೆಯದೆ ಬಂದ ನೆಂಟನಂತೆ ಇವರ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಊಟದ ಮೇಜಿನಲ್ಲಿ ಕುಳಿತುಬಿಟ್ಟಿತು. ಯಾರೂ ಅದನ್ನು ಮಾತಾಡಿಸಲಿಲ್ಲ, ಯಾರೂ ಎದ್ದು ಹೋಗೆನ್ನಲಿಲ್ಲ. ಮಧ್ಯಾಹ್ನದ ಜೊಂಪಿನಲ್ಲಿ ಹೆಂಡತಿಗೆ ಒಂದೇ ಕನಸು: ಕೆಳಗಿನ ಹಿಟ್ಟು ಉಬ್ಬಿ ಉಬ್ಬಿ, ತೊಟ್ಟಿ ಮೀರಿ, ಸದ್ದಿಲ್ಲದೆ ಮೆಟ್ಟಿಲೇರಿ ಬಂದು ಬಾಗಿಲಿಗೆ ಮೈಯೊತ್ತಿ ನಿಲ್ಲುತ್ತಿತ್ತು. ಬೆಚ್ಚಿ ಎದ್ದು, ಕೆಳಗೆ ಅವನು ಕೆಮ್ಮಿದ್ದು ಕೇಳಿದ ಮೇಲೆಯೇ ಮತ್ತೆ ಕಣ್ಣು ಮುಚ್ಚುತ್ತಿದ್ದಳು.

ಅಷ್ಟರಲ್ಲಿ ನೋವು ಶುರುವಾಯಿತು. ಉಂಡು ಎದ್ದವನು ಮೈದಾ ಮೂಟೆಯ ಮೇಲೆ ಕುಳಿತು, ದೂರದಲ್ಲಿ ಯಾರೋ ಹಾಡುವುದನ್ನು ಕೇಳುವವನಂತೆ ಕಣ್ಣು ಮುಚ್ಚುತ್ತಿದ್ದ. ಕೋಟಿನ ಕತ್ತುಪಟ್ಟಿ ದಿನೇ ದಿನೇ ಸಡಿಲವಾಯಿತು. ಕೇಳಿದರೆ, "ಗ್ಯಾಸು" ಎಂಬ ಒಂದೇ ಉತ್ತರ.

ಬೇಕರಿಯ ಮನೆಯಲ್ಲಿ ಅಕ್ಕರೆಯೆಂದರೆ ಬೆಣ್ಣೆ. ಮಗಳು ಪರೀಕ್ಷೆಯಲ್ಲಿ ಫೇಲಾದಾಗಲೂ, ಅಣ್ಣತಮ್ಮಂದಿರು ಮುನಿಸಿಕೊಂಡಾಗಲೂ ಆ ಮನೆ ಸಮಾಧಾನವನ್ನು ಬ್ರೆಡ್ಡಿನ ಮೇಲೆ ದಪ್ಪಗೆ ಸವರಿಯೇ ಕೊಟ್ಟಿತ್ತು. ಸೊರಗುತ್ತಿರುವವನಿಗೆ ಬೇರೇನು ತಾನೇ ಕೊಟ್ಟೀತು? ಹೆಂಡತಿ ಗಂಜಿಗೆ ಬೆಣ್ಣೆಯ ಉಂಡೆ ಹಾಕಿ, ಅದು ಪೂರ್ತಿ ಕರಗುವವರೆಗೂ ತಿರುವಿ ಕೊಡತೊಡಗಿದಳು. ಭಟ್ಟಿಯ ಕೆಲಸವನ್ನು ಈಗ ವಹಿಸಿಕೊಂಡಿದ್ದ ತಮ್ಮ, ಅಣ್ಣನಿಗೆಂದೇ ಬೇರೆ ಹಿಟ್ಟು ಕಲಸಿ ಬನ್ನು ಮಾಡತೊಡಗಿದ. ಮಗಳು ಹಾಲಿನ ಲೋಟದಲ್ಲಿ ಏನನ್ನೋ ಕದಡತೊಡಗಿದಳು. ಇನ್ನೊಬ್ಬರಿಗೆ ಹೇಳಿದರೆ ತಮ್ಮೊಳಗಿನ ಹೆದರಿಕೆಯನ್ನೇ ಹೇಳಿದಂತಾದೀತೆಂದು ಮೂವರೂ ಬಾಯಿ ಬಿಡಲಿಲ್ಲ. ಅವನು ಎಲ್ಲವನ್ನೂ ತಿಂದ. ತಟ್ಟೆಯನ್ನು ಬೆರಳಿನಿಂದ ಬಳಿದು ತಿಂದ. ತಿಂದಷ್ಟೂ ಸೊರಗಿದ.

ಸ್ಕ್ಯಾನಿಗೆ ಮುಂಚೆ ಡಾಕ್ಟರಮ್ಮ ಕರೆದಾಗ ಮೂವರೂ ಜೊತೆಗೆ ಹೋದರು. ಡಾಕ್ಟರಮ್ಮ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡುತ್ತಿದ್ದರೆ ಇವನು ಕತ್ತೆತ್ತಿ ಕುತೂಹಲದಿಂದ, "ಗುಳಿ ಬೇಗ ತುಂಬ್ಕೊಳ್ತಾ ಡಾಕ್ಟ್ರೇ? ನಿಧಾನಕ್ಕೆ ತುಂಬಿದ್ರೆ ಒಲೆಗಿಡಬಹುದು" ಅಂದ.

"ಒಲೆಗಿಡೋದು ಆಮೇಲೆ. ಭೇದಿ ಹೇಗಾಗುತ್ತೆ? ಜಿಡ್ಡು ಜಿಡ್ಡಾಗಿ ತೇಲುತ್ತಾ?"

"ಹೂಂ."

ಡಾಕ್ಟರಮ್ಮ ಹೆಂಡತಿಯತ್ತ ತಿರುಗಿದರು. "ಊಟಕ್ಕೆ ಏನಮ್ಮ ಕೊಡ್ತೀರಿ?"

"ಗಂಜಿ. ಅದಕ್ಕೊಂದಿಷ್ಟು... ಬೆಣ್ಣೆ."

"ಅತ್ತಿಗೆ, ನೀವೂನಾ?" ಮೈದುನ ಬೆಚ್ಚಿಬಿದ್ದ.

"ನೀವೂನಾ ಅಂದ್ರೆ?"

"ಅಣ್ಣನ ಬನ್ನಲ್ಲಿ ಅರ್ಧಕ್ಕರ್ಧ ಬೆಣ್ಣೇನೇ ಇರೋದು. ನಾನೊಬ್ಬನೇ ಅಲ್ವಾ ಅಂತ ಧಾರಾಳವಾಗಿ ಹಾಕ್ತಿದ್ದೆ."

ಮಗಳು ಕಿಟಕಿಯ ಆಚೆ ನೋಡುತ್ತ, "ಹಾಲಲ್ಲೂ ಇದೆ" ಅಂದಳು.

ಡಾಕ್ಟರಮ್ಮ ಕುರ್ಚಿಗೆ ಒರಗಿ ನಕ್ಕರು. "ಮನುಷ್ಯನನ್ನ ಬೇಯಿಸ್ತಿದೀರೋ, ಬಿಸ್ಕತ್ತನ್ನೋ? ಇಷ್ಟು ಬೆಣ್ಣೆಗೆ ಆ ಮಾತ್ರೆ ಎಲ್ಲಿ ಸಾಲುತ್ತೆ! ನೋವು, ಭೇದಿ, ಸೊರಗೋದು ಎಲ್ಲ ಇದಕ್ಕೇ ಇರಬಹುದು." ಆಮೇಲೆ ನಗು ನಿಲ್ಲಿಸಿದರು. "ಆದ್ರೆ ರಕ್ತದ ಅಂಕಿ ಬೆಣ್ಣೆಯಿಂದ ಏರಲ್ಲ. ಸದ್ಯಕ್ಕೆ ಜಿಡ್ಡು ನಿಲ್ಸಿ. ನೋವು ಹೋದ್ರೆ ಒಳ್ಳೇದೇ. ಹೋಗ್ಲಿಲ್ಲ ಅಂದ್ರೆ ಅದೂ ನಮಗೆ ಗೊತ್ತಾಗ್ಬೇಕು."

ಅಷ್ಟು ಸಣ್ಣ ಸಮಾಧಾನಕ್ಕೇ ಮೂವರ ಮುಖವೂ ಅರಳಿತು. ಬರುವಾಗ ದಾರಿಯುದ್ದಕ್ಕೂ ಯಾರ ಬೆಣ್ಣೆ ಹೆಚ್ಚು ಎಂದು ಒಬ್ಬರನ್ನೊಬ್ಬರು ಕಿಚಾಯಿಸಿದರು. ಅವನು ಮಾತ್ರ ನಗಲಿಲ್ಲ. ಹೆಂಡತಿ ಅದನ್ನು ನೋಡಿದಳು. ನೋಡಿ ನೋಡಿ ಅವಳ ಕಣ್ಣು ಅಷ್ಟು ಪಳಗಿತ್ತು.

ಸಂಜೆ ಗಿರಾಕಿಗಳು ಕರಗಿದ ಮೇಲೆ ಅವಳು ಕೆಳಗಿಳಿದು ಬಂದಳು. ಭಟ್ಟಿ ಆರುತ್ತಿತ್ತು, ಗೋಡೆಗಳು ಇನ್ನೂ ಬೆಚ್ಚಗಿದ್ದವು. ಅವನು ಮೂಟೆಯ ಮೇಲಿದ್ದ.

"ರೀ, ಪಕ್ಕದ ಬೀದಿ ಬೇಕರಿಯವನು ಬೆಣ್ಣೆ ಎಷ್ಟು ಕಮ್ಮಿ ಹಾಕ್ತಾನೆ ಅಂತ ಬಾಗಿಲಲ್ಲಿ ನಿಂತು ವಾಸನೇಲೇ ಹೇಳ್ತೀರಿ. ನಿಮ್ಮ ಗಂಜೀಲಿ ಇದ್ದದ್ದು ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು."

"ಮೂರೂ?"

"ಮೂರೂ. ತಮ್ಮನದು ಉಪ್ಪು ಬೆಣ್ಣೆ, ನಿನ್ನದು ಸಪ್ಪೆ. ಮಗಳದು ಸ್ವಲ್ಪ ಹಳೇದು."

"ಮತ್ಯಾಕೆ ತಿಂದ್ರಿ? ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

ಅವನು ಮೂಟೆಯನ್ನು ಹೆಬ್ಬೆರಳಿನಿಂದ ಒತ್ತಿ ಬೆರಳು ತೆಗೆದ. ಆಮೇಲೆ ಮೆಲ್ಲಗೆ ಹೇಳಿದ: "ಬೆಣ್ಣೆ ತಿನ್ನೋವರೆಗೂ ನೋವು ಬೆಣ್ಣೇದು ಕಣೇ. ಬಿಟ್ಟ ಮೇಲೂ ನೋವಿದ್ರೆ, ಅದು ಯಾರದು?"

ತಾನು ಹೆದರಿ ಬಡಿಸಿದ್ದನ್ನು ಅವನು ಹೆದರಿಯೇ ಉಂಡಿದ್ದ. ಇಷ್ಟು ದಿನ ಒಂದೇ ಬಟ್ಟಲಿನ ಎರಡು ಅಂಚಿನಲ್ಲಿ ಕುಳಿತು ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಹೋಗಿದ್ದರು. ಅವಳು ಮೂಟೆಯ ಮೇಲೆ ಅವನನ್ನು ಸರಿಸಿ ಪಕ್ಕದಲ್ಲಿ ಕುಳಿತಳು. ಬಟ್ಟೆಗೆಲ್ಲ ಹಿಟ್ಟು ಮೆತ್ತಿಕೊಂಡಿತು.

"ಅದಕ್ಕೆ ನನ್ನ ಬೆಣ್ಣೆ ಮೇಲೆ ಹೊರೆ ಹೊರಿಸೋದಾ? ನಾಳೆಯಿಂದ ಸಪ್ಪೆ ಗಂಜಿ. ನಾನೂ ಅದನ್ನೇ ಉಣ್ತೀನಿ. ನೋವು ಬಂದ್ರೆ ಹೇಳ್ಬೇಕು. ಗ್ಯಾಸು ಗೀಸು ಅಂದ್ರೆ ನೋಡಿ ಮತ್ತೆ!"

"ಹೇಳ್ತೀನಿ."

"ನಾನು ಮಲಗಿದ್ರೂ ಎಬ್ಬಿಸಿ ಹೇಳ್ಬೇಕು."

"ಆಯ್ತು ತಾಯಿ. ನೀನು ಎದ್ರೆ ತಾನೇ!"

ಮಾರನೆಯ ದಿನ ಅವರು ಉಂಡಂಥ ಸಪ್ಪೆ ಊಟವನ್ನು ಆ ಮನೆ ಹಿಂದೆಂದೂ ಉಂಡಿರಲಿಲ್ಲ. ಮೈದುನನೂ ಮಗಳೂ ಅದನ್ನೇ ಬಡಿಸಿಕೊಂಡರು. ಅವನು ಮಾತ್ರೆ ನುಂಗಿ ಮೊದಲ ಚಮಚ ಬಾಯಿಗಿಟ್ಟಾಗ ಎಲ್ಲರೂ ತಂತಮ್ಮ ಬಟ್ಟಲು ನೋಡಿಕೊಂಡರು. ದಿನಗಳು ಉರುಳಿದವು. ನೋವು ತಗ್ಗಿತು, ಪೂರ್ತಿ ಹೋಗಲಿಲ್ಲ. ಬೆನ್ನಿನ ಕಡೆಯ ಒಂದು ಎಳೆ ಉಳಿದುಕೊಂಡಿತು. ಒಂದು ಮುಂಜಾನೆ ಅವನು ಅವಳ ಭುಜ ಮುಟ್ಟಿ, "ಬಂತು ಕಣೇ, ಸ್ವಲ್ಪ" ಅಂದ. ಅವಳು ಎದ್ದು ದೀಪ ಹಾಕಲಿಲ್ಲ. ಅವನ ಬೆನ್ನ ಮೇಲೆ ಅಂಗೈಯಿಟ್ಟಳು. ಕೆಳಗಿನಿಂದ ಆ ದಿನದ ಮೊದಲ ಬ್ರೆಡ್ಡಿನ ವಾಸನೆ ಬರುವವರೆಗೂ ಇಬ್ಬರೂ ಹಾಗೆಯೇ ಇದ್ದರು.

ಸ್ಕ್ಯಾನಿನಲ್ಲಿ ರಕ್ತನಾಳದ ಪಕ್ಕ ಒಂದು ಮಸುಕು ಕಂಡಿತು. ಹಳೆಯ ಗಾಯದ ಗುರುತೂ ಇರಬಹುದು, ಗಡ್ಡೆಯೇ ಮರಳಿದ್ದೂ ಇರಬಹುದು, ಇನ್ನೊಮ್ಮೆ ನೋಡಿದ ಹೊರತು ಹೇಳಲಾಗದು ಎಂದರು ಡಾಕ್ಟರಮ್ಮ. ವಿಚಾರಿಸಿದ ಗಿರಾಕಿಗಳಿಗೆ ಅವನು, "ಗೊತ್ತಿಲ್ಲ ಅನ್ನೋದು ಗೊತ್ತಾಗಿದೆ" ಎಂದು ಹೇಳಿ ಚಿಲ್ಲರೆ ಕೊಡುತ್ತಿದ್ದ.

ಇಂಥವರು ಲೋಕದಲ್ಲಿ ಬಹಳ ಮಂದಿ. ಬಡಿಸಿದ್ದನ್ನು ಬೇಡವೆನ್ನುವುದಿಲ್ಲ, ದನಿಯೆತ್ತುವುದಿಲ್ಲ. ಎಂಥ ಸಮಾಧಾನದ ಮನುಷ್ಯ ಎಂದು ಜನ ಹೊಗಳುತ್ತಾರೆ. ಆ ಸಮಾಧಾನದ ತಳದಲ್ಲಿ ಎಷ್ಟು ಭಯ ಹೆಪ್ಪುಗಟ್ಟಿದೆಯೆಂಬುದು ಬಡಿಸುವ ಕೈಗೂ ತಿಳಿಯುವುದಿಲ್ಲ. ಧೈರ್ಯ ಹೇಳಿದರೆ ತಲೆಯಾಡಿಸಿ ಇನ್ನಷ್ಟು ಒಳಕ್ಕೆ ಸರಿಯುತ್ತಾರೆ. ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತು, ಕಾಯುವುದೊಂದೇ ನಾವು ಮಾಡಬಹುದಾದದ್ದು. ಎಂದೋ ಒಂದು ದಿನ ಅವರು ತಾವಾಗಿ ಭುಜ ಮುಟ್ಟಿ ನೋವು ಬಂತೆಂದು ಹೇಳಿದರೆ, ಜೀವಮಾನವೆಲ್ಲ ಯಾರಿಗೂ ಕೊಡದೆ ಇಟ್ಟುಕೊಂಡಿದ್ದನ್ನು ನಮ್ಮ ಕೈಗೆ ಕೊಟ್ಟರೆಂದೇ ತಿಳಿಯಬೇಕು.