ಹತೋಟಿಯಲ್ಲಿದ್ದ ಊರು

ಯಂತ್ರ ಸುಳ್ಳು ಹೇಳುತ್ತಿದೆ ಎಂದುಕೊಂಡು ಅರುಣಕುಮಾರ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡ. ಐದು ನಿಮಿಷ ಕಾಯಬೇಕು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ರಾಚವ್ವ ಹತ್ತಿ ಒತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಅವನನ್ನು ನೋಡುತ್ತಿದ್ದಳು. ಚುಚ್ಚುವವರು ತಾವೇ ಚುಚ್ಚಿಕೊಂಡದ್ದನ್ನು ಆಕೆ ತನ್ನ ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ.

"ನಿಮಗೂ ಬಂತೇನ್ರಿ ಸಕ್ಕರಿ ಬ್ಯಾನಿ?"

"ಇಲ್ಲ ಬೇ. ಮಷೀನ್ ಸರಿ ಐತೋ ಇಲ್ಲೋ ನೋಡಾಕತ್ತೇನಿ."

"ಬರಬಾರದ್ರಿ ಯಪ್ಪಾ ನಿಮಗ. ನಮಗ ಬಂದದ್ದ ಸಾಕು."

ಯಂತ್ರ ಅವನ ಅಂಕಿ ತೋರಿಸಿತು. ಐದು ಪಾಯಿಂಟ್ ಎರಡು. ಒಳ್ಳೆಯ ಅಂಕಿ. ಎಂದರೆ ಯಂತ್ರ ಸರಿಯಾಗಿಯೇ ಇತ್ತು. ಎಂದರೆ ಈಗಷ್ಟೇ ರಾಚವ್ವನ ರಕ್ತಕ್ಕೆ ಅದು ತೋರಿಸಿದ ಹನ್ನೊಂದು ಪಾಯಿಂಟ್ ಒಂಬತ್ತೂ ಸರಿ. ಅವಳಿಗಿಂತ ಮುಂಚೆ ಕೂತೆದ್ದ ಇಬ್ಬರದೂ ಸರಿ.

ಆದರೆ ಪ್ರತಿ ತಿಂಗಳು ಬಳಸುವ ಸಣ್ಣ ಮೀಟರು, ಅದೇ ಬೆರಳಿನ ಅದೇ ರಕ್ತಕ್ಕೆ, ಎಪ್ಪತ್ತೊಂದು ಎಂದು ಹೇಳಿತ್ತು. ಕಾಯಿಲೆಯೇ ಇಲ್ಲದವರ ಅಂಕಿ. ಸಣ್ಣ ಮೀಟರು ಈ ಗಳಿಗೆಯ ಸಕ್ಕರೆಯನ್ನಷ್ಟೇ ಬಲ್ಲದು. ನಿನ್ನೆ ಜಿಲ್ಲೆಯಿಂದ ಬಂದ ಈ ಹೊಸ ಯಂತ್ರ ಕಳೆದ ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುತ್ತದೆ. ಏಳರ ಆಚೀಚೆ ಇದ್ದರೆ ಹತೋಟಿ. ಹನ್ನೆರಡರ ಹತ್ತಿರವೆಂದರೆ ಕಣ್ಣು, ಕಿಡ್ನಿ, ಹೃದಯ ಎಲ್ಲಕ್ಕೂ ಹುಳ ಹಿಡಿಯುತ್ತಿದೆ ಎಂದೇ ಅರ್ಥ. ಮೂರು ತಿಂಗಳು ಹನ್ನೆರಡರಲ್ಲಿದ್ದ ಹೆಂಗಸು ತಪಾಸಣೆಯ ದಿನ ಮಾತ್ರ ಎಪ್ಪತ್ತೊಂದಾಗುವುದು ಹೇಗೆ?

ಟಿಕೋಟಾ ದಾಟಿ ಘೋಣಸಗಿಯ ಹಾದಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಅಲ್ಲಿನ ಎರಡು ಕೋಣೆಯ ಆರೋಗ್ಯ ಕೇಂದ್ರಕ್ಕೆ ಅರುಣಕುಮಾರ ಬಂದು ಮೂರು ವರ್ಷ. ಅವನು ಡಾಕ್ಟರಲ್ಲ, ನರ್ಸಿಂಗ್ ಓದಿದ ಆರೋಗ್ಯ ಅಧಿಕಾರಿ. ಊರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಬೇಕಿರಲಿಲ್ಲ.

ಇಲ್ಲಿನ ಹೆಂಗಸರು ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುತ್ತಾರೆ. ದಿನವಿಡೀ ಕೂತ ಕೆಲಸ, ಕೈತುಂಬ ಸಿಹಿ. ಮಣೂಕ ಬಾಯಿಗೆ ಹಾಕಬೇಡಿ, ಚಹಾಕ್ಕೆ ಸಕ್ಕರೆ ಬೇಡ, ಉಪ್ಪಿನಕಾಯಿ ಬೇಡ, ಬೆಳಿಗ್ಗೆ ಅರ್ಧ ತಾಸು ನಡೆಯಿರಿ ಎಂದು ಅವನು ಎರಡೂವರೆ ವರ್ಷ ಗಂಟಲು ಹರಿದುಕೊಂಡ. ಗೋಡೆಗೆ ಚಿತ್ರ ಅಂಟಿಸಿದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. ಆಮೇಲೆ, ಆರು ತಿಂಗಳ ಹಿಂದೆ, ಅಂಕಿಗಳು ತಾವಾಗಿಯೇ ಇಳಿಯತೊಡಗಿದವು. ಮಾತು ಕೊನೆಗೂ ನಾಟಿತು ಎಂದುಕೊಂಡ. ಅವನ ಬದುಕಿನಲ್ಲಿ ನೆಟ್ಟಗೆ ನಡೆದದ್ದು ಅದೊಂದೇ ಆಗಿದ್ದರಿಂದ ಹೆಚ್ಚು ಕೆದಕಲಿಲ್ಲ.

ಇವತ್ತು ಮೂರು ಗಂಟೆಗೆ ವಿಜಯಪುರದಲ್ಲಿ ಅವನಿಗೆ ಸನ್ಮಾನ. ಸಕ್ಕರೆ ಕಾಯಿಲೆ ಅತಿ ಹೆಚ್ಚು ಹತೋಟಿಯಲ್ಲಿರುವ ಕೇಂದ್ರ ಅವನದು. ಶಾಲು, ಹಾರ, ಹತ್ತು ನಿಮಿಷದ ಭಾಷಣ. ಭಾಷಣ ಜೇಬಿನಲ್ಲಿತ್ತು. ಮೂರು ತಿಂಗಳ ಅಂಕಿಯನ್ನೂ ಸೇರಿಸಿದರೆ ಕಳೆಗಟ್ಟುತ್ತದೆಂದು ಬೆಳಿಗ್ಗೆಯೇ ಯಂತ್ರ ಬಿಚ್ಚಿ ಕೂತಿದ್ದ.

ಅಥಣಿ ರಸ್ತೆಯ ಮನೆಯಲ್ಲಿ ಹೊರಡುವಾಗ ಹೆಂಡತಿ ಕಾವ್ಯಾ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದಳು.

"ಅಂಥಾದ್ದೇನ ಹೇಳ್ತೀರಿ ಅವರಿಗೆ, ಹಂಗ ಕೇಳ್ತಾರ?"

"ಸುಮ್ನ ಹೇಳ್ತೀನಿ. ಕೇಳ್ತಾರ."

"ನನಗೂ ಒಮ್ಮೆ ಏನಾರ ಹೇಳಿ ನೋಡ್ರಿ."

ಇಬ್ಬರೂ ನಕ್ಕರು. ಅವಳು ಅವನ ಮಾತಿಗೆ ಕಾದು ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿಟ್ಟಳು. ಅವನು ಹೆಲ್ಮೆಟ್ ಹಾಕಿಕೊಂಡು ಹೊರಬಿದ್ದ.

"ರಾಚವ್ವ, ಗುಳಗಿ ದಿನಾ ನುಂಗ್ತಿ ಹೌದಲ್ಲ?" ಈಗ ಅವನು ಯಂತ್ರದಿಂದ ತಲೆಯೆತ್ತಿ ಕೇಳಿದ.

"ನುಂಗ್ತೀನ್ರಿ. ಇವತ್ತೂ ನುಂಗಿ ಬಂದೇನಿ."

"ಮತ್ತ ಇದ್ಯಾಕ ಹಿಂಗ ಬಂತು?"

"ಕಡಿಮಿ ಬಂತಲ್ರಿ? ಎಪ್ಪತ್ತೊಂದು ಅಂದ್ರಿ." ಅವಳ ಮುಖದಲ್ಲಿ ಪರೀಕ್ಷೆ ಪಾಸಾದವರ ಬೆಳಕಿತ್ತು. "ಈ ದೊಡ್ಡ ಮಷೀನ ಯಾಕ ತಂದೀರಿ? ಸಣ್ಣದ ಚಲೋ ಇತ್ತು."

ಫೋನು ಬಂತು. ತಾಲೂಕಿನ ಮೇಲ್ವಿಚಾರಕ ಸತೀಶಕುಮಾರ.

"ಏನ್ರಿ ಅರುಣಕುಮಾರ, ಹೊಂಟ್ರಿ? ಬಬಲೇಶ್ವರದ ಕಡೆಯವರೂ ಬರಾಕತ್ತಾರ, ನಿಮ್ಮನ್ನ ನೋಡಿ ಕಲೀಲಿ ಅಂತ."

"ಸರ್, ಮೂರು ತಿಂಗಳ ಅಂಕಿ ಭಾಳ ಬ್ಯಾರೆ ಬರಾಕತ್ತೈತಿ. ಹನ್ನೊಂದು, ಹನ್ನೆರಡು..."

"ಬಿಸಿಲಿಗೆ ಕಿಟ್ ಕೆಟ್ಟಿರತಾವ."

"ನಂದು ಸರಿ ಬಂತ್ರಿ."

"ಹಂಗಾರ ನಿಮ್ಮದಷ್ಟ ಸರಿ ಐತಿ ಅನ್ರಿ. ಇವತ್ತೊಂದಿನ ಅದನ್ನ ಕಟ್ಟಿಡ್ರಿ. ನಾಳಿ ನೋಡೋಣು." ಸತೀಶಕುಮಾರ ನಕ್ಕ. ಕೆಟ್ಟ ಮನುಷ್ಯನಲ್ಲ. ಅವನಿಗೂ ಮೇಲಿನವರಿದ್ದಾರೆ.

ಅರುಣಕುಮಾರ ಫೋನು ಕೆಳಗಿಡುವಷ್ಟರಲ್ಲಿ ರಾಚವ್ವನ ಹಣೆಯ ಮೇಲೆ ಬೆವರು ಮೂಡಿತ್ತು. ಎತ್ತಿಹಿಡಿದ ಬೆರಳು ನಡುಗುತ್ತಿತ್ತು. "ಕಣ್ಣಿಗೆ ಕತ್ತಲಿ ಬಂದಂಗ ಆಗತೈತ್ರಿ" ಎಂದವಳೇ ಸ್ಟೂಲಿನಿಂದ ಜಾರಿದಳು. ಅವನು ಎದ್ದು ಹಿಡಿದ. ಇಷ್ಟು ಹಗುರವಾದ ಮೈಯನ್ನು ಅವನು ಹಿಂದೆಂದೂ ಹಿಡಿದಿರಲಿಲ್ಲ. ಬೆರಳಿಗೆ ಮತ್ತೆ ಸಣ್ಣ ಮೀಟರು ಹಚ್ಚಿದ. ನಲವತ್ತಾರು. ಸಕ್ಕರೆ ಪಾತಾಳಕ್ಕಿಳಿದಿತ್ತು.

"ಭಾಗ್ಯಾ! ಏನಾರ ಸಿಹಿ ಕೊಡ, ಲಗೂನ!"

ಆಶಾ ಕಾರ್ಯಕರ್ತೆ ಭಾಗ್ಯಾ ಪಡಸಾಲೆಯಿಂದ ಓಡಿಬಂದಳು. ಹಿಂದೆಯೇ ಸರದಿಗೆ ಕಾದಿದ್ದ ಹೆಂಗಸರಲ್ಲಿ ಯಾರೋ ಉಡಿಯಿಂದ ಒಂದು ಮುಷ್ಟಿ ಮಣೂಕ ತೆಗೆದುಕೊಟ್ಟರು. ಎರಡೂವರೆ ವರ್ಷ ಬೇಡ ಬೇಡ ಎಂದು ಬೆರಳಾಡಿಸಿದ ಅದೇ ಮಣೂಕವನ್ನು ಹಿಸುಕಿ ಅರುಣಕುಮಾರ ಅವಳ ಬಾಯಿಗೆ ಒತ್ತಿದ. ರಾಚವ್ವ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬ್ಯಾಡ್ರಿ... ಏರತೈತಿ."

"ಏರಲಿ ಬೇ! ಏರಲಿ! ಬಾಯಿ ತಗಿ!"

ಅವಳು ಒಲ್ಲದ ಮನಸ್ಸಿನಿಂದ ಜಗಿದಳು. ಭಾಗ್ಯಾ ಸಕ್ಕರೆ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ತಾಸಿನ ಮೇಲೆ ಕಣ್ಣಿಗೆ ಕಳೆ ಬಂತು. ಆಗ ಅರುಣಕುಮಾರ ನೆಲದ ಮೇಲೆಯೇ ಅವಳ ಪಕ್ಕ ಕೂತುಕೊಂಡ.

"ಯಾವಾಗ ಉಂಡಿದ್ದಿ?"

ರಾಚವ್ವ ಭಾಗ್ಯಾಳನ್ನು ನೋಡಿದಳು. ಭಾಗ್ಯಾ ಗೋಡೆ ನೋಡಿದಳು.

"ರಾತ್ರಿ ಉಂಡಿದ್ದೇನು?"

"ಶನಿವಾರ ಸಂಜಿಕ ಉಂಡೇನ್ರಿ."

ಇವತ್ತು ಸೋಮವಾರ. ಹೊಟ್ಟೆಗೇನೂ ಇಲ್ಲದೆ ಮೇಲಿಂದ ಸಕ್ಕರೆ ಇಳಿಸುವ ಗುಳಿಗೆ. ಸಾಯಲಿಕ್ಕೆ ಇನ್ನೇನು ಬೇಕು? ಅವನು ತಲೆಯೆತ್ತಿ ಬಾಗಿಲಲ್ಲಿ ಒತ್ತಿ ನಿಂತ ಹೆಂಗಸರನ್ನು ನೋಡಿದ. ಇಪ್ಪತ್ತು ಜನರಿದ್ದರು. ಎಲ್ಲರೂ ನೆಲ ನೋಡಿದರು.

"ನೀವೆಲ್ಲಾರೂ?"

ಕಡೆಗೆ ಭಾಗ್ಯಾಳೇ ಬಾಯಿಬಿಟ್ಟಳು. "ಆರು ತಿಂಗಳಾತ್ರಿ ಸರ್. ನೀವು ತಪಾಸಣಿ ತಾರೀಖು ಹೇಳಿದ ಕೂಡಲೇ ಎರಡು ದಿನ ಮುಂಚೆ ಒಲಿ ಹಚ್ಚೂದಿಲ್ಲ. ಹೇಳಬೇಕಂತ ಮಾಡಿದ್ದೆ. ರಾಚವ್ವಾಯಿ ಆಣಿ ಹಾಕಿಸಿಕೊಂಡಿದ್ಲು."

"ಯಾಕ ಬೇ?" ಸಿಟ್ಟಿನಿಂದ ಕೇಳಬೇಕೆಂದಿದ್ದ. ದನಿ ಬೇರೆಯಾಗಿ ಬಂತು.

ರಾಚವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತ ಜೀಪಿನ್ಯಾಗ ದೊಡ್ಡ ಸಾಹೇಬ್ರು ಬಂದಿದ್ರಲ್ರಿ. ನಮ್ಮ ಎದುರಿಗೆ ನಿಮಗ ಬೈದ್ರು. ಒಬ್ಬರದೂ ಸಕ್ಕರಿ ಹತೋಟಿಗೆ ಬಂದಿಲ್ಲ, ಪಗಾರ ಯಾಕ ತಗೋತಿ ಅಂದ್ರು. ಅವತ್ತ ನೀವು ಚಾ ಕುಡೀಲಿಲ್ಲ."

ಅವನಿಗೆ ನೆನಪಿತ್ತು. ಜೀಪು ಹೋದ ಮೇಲೆ ಗೋಡೆಯತ್ತ ತಿರುಗಿ ತಾನೇ ಅಂಟಿಸಿದ ಚಿತ್ರವನ್ನು ಬಹಳ ಹೊತ್ತು ಓದುವವನಂತೆ ನಿಂತಿದ್ದ. ಯಾರಿಗೂ ತಿಳಿಯಲಿಲ್ಲ ಎಂದುಕೊಂಡಿದ್ದ. ಕಾವ್ಯಾಳಿಗೂ ಹೇಳಿರಲಿಲ್ಲ.

"ಯಾರೋ ತಾಯಿ ಹಡದ ಮಗ, ನಮ್ಮ ಸಕ್ಕರಿ ಸಲುವಾಗಿ ಯಾಕ ಬೈಸಿಕೋಬೇಕ್ರಿ? ನಲವತ್ತು ವರ್ಷಾತು ಏಕಾದಶಿ ಮಾಡಾಕತ್ತಿ. ಇದೊಂದು ಏಕಾದಶಿ ನಿಮ್ಮ ಹೆಸರಲೆ ಅಂತ ಮಾಡಿದ್ವಿ. ಏನು ದೊಡ್ಡ ಮಾತ ಬಿಡ್ರಿ."

ಹೇಳಲು ನಾಚಿಕೆ, ಅವನಿಗೆ ಮೊದಲು ಆದದ್ದು ಸಂತೋಷ. ತನಗಾಗಿ ಯಾರಾದರೂ ಒಂದು ಹೊತ್ತಿನ ಊಟ ಬಿಟ್ಟದ್ದು ಅವನಿಗೆ ನೆನಪಿರಲಿಲ್ಲ. ಇಲ್ಲಿ ಒಂದು ಊರೇ ಒಲೆ ಆರಿಸಿ ಕೂತಿತ್ತು. ಅದರ ಹಿಂದೆಯೇ ಇನ್ನೊಂದು ತಿಳಿಯಿತು. ಮೂರು ವರ್ಷ ಆಡಿದ್ದರಲ್ಲಿ ಒಂದು ಮಾತನ್ನೂ ಇವರು ಕೇಳಿರಲಿಲ್ಲ. ಅವನ ಮುಖವನ್ನಷ್ಟೇ ನೋಡುತ್ತ ಕೂತಿದ್ದರು.

ಅವನೂ ಇವರನ್ನು ಒಂದೇ ಮಾತು ಕೇಳುತ್ತಿದ್ದ, ಉಂಡೀರೇನು ಎಂದು. ಈ ಸೀಮೆಯಲ್ಲಿ ಹಾದಿಯಲ್ಲಿ ಸಿಕ್ಕವರೂ ಕೇಳುವ ಮಾತು. ಅವನು ಮಾತ್ರ ಇಲ್ಲ ಎನ್ನಲಿ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಪಟ್ಟಿಯಲ್ಲಿ ಖಾಲಿ ಹೊಟ್ಟೆ ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದ.

"ಹಿಂಗ ಮಾಡಿದ್ರ ಸಾಯ್ತಿ ರಾಚವ್ವ. ಇವತ್ತ ಸತ್ತ ಹೋಗತಿದ್ದಿ. ಇಲ್ಲಾ ಆ ಹನ್ನೆರಡು ನಿನ್ನ ಎದೀಗೆ ಬಂದು ಕೂಡತೈತಿ. ರೇವಪ್ಪಗ ಆಗಿಲ್ಲೇನು?"

ರೇವಪ್ಪ ಅವಳ ಗಂಡ. ಹೋದ ವರ್ಷ ಕುರಿ ಮೇಯಿಸುತ್ತ ಎದೆ ಹಿಡಿದುಕೊಂಡು ಬಿದ್ದವನು ಮೇಲೇಳಲಿಲ್ಲ.

ರಾಚವ್ವ ಕೇಳಬಾರದ್ದನ್ನು ಕೇಳುವವಳಂತೆ ದನಿ ತಗ್ಗಿಸಿ ಕೇಳಿದಳು.

"ನಾ ಸತ್ತರ ನಿಮ್ಮ ಲೆಕ್ಕ ಕೆಡತೈತೇನ್ರಿ?"

ಅರುಣಕುಮಾರನಿಗೆ ಉತ್ತರ ಗೊತ್ತಿತ್ತು. ಕೆಡುವುದಿಲ್ಲ. ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ರೇವಪ್ಪನ ಹೆಸರನ್ನು ಅವನೇ ತೆಗೆದಿದ್ದ. ಹತೋಟಿಗೆ ಬಾರದವರಲ್ಲಿ ಒಬ್ಬ ಕಡಿಮೆಯಾಗಿ ಆ ತಿಂಗಳು ಕೇಂದ್ರದ ಅಂಕಿ ಸ್ವಲ್ಪ ಸುಧಾರಿಸಿತ್ತು. ಸಾಯದೆ ಹನ್ನೆರಡರಲ್ಲಿ ಬದುಕಿದ್ದರೇ ಲೆಕ್ಕ ಕೆಡುವುದು.

"ಕೆಡತೈತಿ," ಎಂದ.

"ಭಾಳ?"

"ಭಾಳ ಕೆಡತೈತಿ ಬೇ. ನನ್ನ ನೌಕರೀನೂ ಹೋಗತೈತಿ."

ಅವನು ಆ ಊರಿನಲ್ಲಿ ಆಡಿದ್ದರಲ್ಲಿ ನಾಟಿದ ಮಾತು ಅದೊಂದೇ. ರಾಚವ್ವ ಗಾಬರಿಯಾದಳು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಂಗಾರ ಉಣ್ತೀನ್ರಿ. ಎಲ್ಲಾರೂ ಉಣ್ತೀವಿ. ಮೊದಲ ಯಾಕ ಹೇಳಲಿಲ್ರಿ?"

"ಈಗ ಉಣ್ರಿ. ನನ್ನ ಮುಂದ."

ಎಲ್ಲರ ಬಳಿಯೂ ಬುತ್ತಿಯಿತ್ತು, ರಕ್ತ ಕೊಟ್ಟು ಶೆಡ್ಡಿಗೆ ಹೋದ ಮೇಲೆ ಉಣ್ಣಲು ಇವತ್ತು ನಸುಕಿನಲ್ಲಿ ಒಲೆ ಹಚ್ಚಿ ಕಟ್ಟಿಕೊಂಡದ್ದು. ಪಡಸಾಲೆಯಲ್ಲಿ ಸಾಲಾಗಿ ಕೂತು ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ವಾಸನೆ ಪಡಸಾಲೆ ತುಂಬ ಹಬ್ಬಿತು. ಆದರೆ ಒಬ್ಬರೂ ತುತ್ತು ಮುರಿಯಲಿಲ್ಲ.

"ಯಾಕ್ರವ್ವ?"

"ನೀವು ಉಂಡಿಲ್ಲಲ್ರಿ," ಎಂದಳು ರಾಚವ್ವ. "ಬೆಳಗಿನಿಂದ ನೋಡಾಕತ್ತೇನಿ. ಮುಖ ಬಾಡೈತಿ."

"ನಂದು ಇರಲಿ. ನೀ ಉಣ್ಣ ಮೊದಲ."

"ಅದ್ಹೆಂಗ ಆಕ್ಕೈತ್ರಿ?"

ಎರಡು ದಿನ ಉಪವಾಸವಿದ್ದ ಇಪ್ಪತ್ತು ಹೆಂಗಸರು ರೊಟ್ಟಿ ಮುಂದಿಟ್ಟುಕೊಂಡು ಅವನಿಗಾಗಿ ಕಾದಿದ್ದರು. ಮೇಜಿನ ಮೇಲೆ ಫೋನು ಗುರುಗುಟ್ಟತೊಡಗಿತು. ಸತೀಶಕುಮಾರ ಇರಬೇಕು, ಅಥವಾ ಕಾವ್ಯಾ. ಎದ್ದು ನೋಡಲಿಲ್ಲ.

ರಾಚವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಬಾಯಿಯ ಹತ್ತಿರ ಹಿಡಿದಳು.

"ನಾನ ತಿಂತೀನಿ, ಕೊಡು," ಎಂದು ಕೈ ಚಾಚಿದ.

"ಬಾಯಿ ತಗೀರಿ."

ಅರುಣಕುಮಾರ ಬಾಯಿ ತೆರೆದ. ಅವಳ ಹೆಗಲಾಚೆ, ಪಡಸಾಲೆಯ ಉದ್ದಕ್ಕೂ, ತೊಡೆಯ ಮೇಲೆ ಮುಟ್ಟದ ಬುತ್ತಿ ಇಟ್ಟುಕೊಂಡು ಕೂತ ಅಷ್ಟೂ ಹೆಂಗಸರ ಕಣ್ಣು ಆ ತುತ್ತಿನ ಮೇಲಿತ್ತು. ಅವನ ಬಾಯಿಯ ಜೊತೆಗೆ ಅವರ ಬಾಯಿಗಳೂ, ಅವರಿಗೆ ಗೊತ್ತಿಲ್ಲದಂತೆ, ಒಂದೊಂದಾಗಿ ತೆರೆದುಕೊಂಡವು.