ಗುಟ್ಟದ ಕೆಳಗಿನ ಬೀಡು

ಎಸಿ ಆರಿಸಿ ಎಂದು ಕೇಳುವ ಬದಲು ಕೊಮುರವ್ವ ಕಂಬಳಿ ಹೊದ್ದುಕೊಂಡಳು. ಹೊರಗೆ ಸಿಕಂದರಾಬಾದಿನ ರಸ್ತೆ ಏಪ್ರಿಲ್ ಬಿಸಿಲಿಗೆ ಕಾದ ಹಂಚಾಗಿತ್ತು. ಮೂರನೆಯ ಮಹಡಿಯ ಈ ಮೀಟಿಂಗ್ ಕೋಣೆಯಲ್ಲಿ ಮಾತ್ರ ಹಲ್ಲು ಕಟಕಟಿಸುವ ಚಳಿ. ಬೇಸಿಗೆಯಲ್ಲಿ ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು ಬಂದ ಮುದುಕಿಯನ್ನು ಕಂಡು ಲಿಫ್ಟಿನಲ್ಲಿ ಮುಸಿಮುಸಿ ನಕ್ಕಿದ್ದ ಹುಡುಗಿಯರು ಈಗ ಗಾಜಿನ ಗೋಡೆಯ ಆಚೆ ಕಂಪ್ಯೂಟರಿನ ಮುಂದೆ ದುಪಟ್ಟಾ ಸುತ್ತಿಕೊಂಡು ಕೂತಿದ್ದರು. ಕೊಮುರವ್ವ ಅವರತ್ತ ನೋಡಲಿಲ್ಲ. ಗೋಡೆಯ ಮೇಲೆ ಅವಳೂರಿನ ಗುಡ್ಡದ ಚಿತ್ರ ದೊಡ್ಡದಾಗಿ ಮೂಡಿತ್ತು. ಅದು ಇರುವುದಕ್ಕಿಂತ ಬೋಳಾಗಿ ಕಾಣುತ್ತಿದೆ ಎಂದು ಅನ್ನಿಸಿರಬೇಕು, ಹುಬ್ಬು ಗಂಟಿಕ್ಕಿಕೊಂಡೇ ನೋಡುತ್ತಿದ್ದಳು.

ಪಕ್ಕದಲ್ಲಿ ಅವಳ ಮೈದುನ ಬೀರಯ್ಯ ಕುರ್ಚಿಯ ಅಂಚಿನಲ್ಲಿ ಕೂತಿದ್ದ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗಿ ಎಂದಾರು ಎನ್ನುವ ಹಾಗೆ. ಅಂಗಿಯ ಜೇಬಿನಲ್ಲಿ ಅವನ ಫೋನು ಆಗಾಗ ಗುಂಯ್‌ಗುಡುತ್ತಿತ್ತು. ಅವನು ಅಂಗೈಯಿಂದ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದ. ಇಬ್ಬರೂ ಎರ್ರಗುಟ್ಟ ಎಂಬ ಹಳ್ಳಿಯ ಕುರುಮರು. ಕುರಿ ಕಾಯುವುದು, ಕಂಬಳಿ ನೇಯುವುದು ಅವರ ಮನೆತನದ ಕಸುಬು. ಊರಿನ ಕುರಿಗಾರರ ಸಂಘದ ಪರವಾಗಿ ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದರು.

ಬರಡಾದ ಹಳ್ಳಿಗಳು ತಮ್ಮ ನೆಲ, ನೀರನ್ನು ತಾವೇ ಸರಿಮಾಡಿಕೊಂಡು ಅದರಿಂದಲೇ ಬದುಕು ಕಟ್ಟಿಕೊಳ್ಳಲಿ ಎಂದು ಅನುದಾನ ಕೊಡುವ ಟ್ರಸ್ಟಿನ ಕಚೇರಿ ಅದು. ಎರ್ರಗುಟ್ಟದವರು ಕೇಳಿದ್ದು ದೊಡ್ಡದೇನೂ ಅಲ್ಲ. ಗುಟ್ಟದ, ಅಂದರೆ ಗುಡ್ಡದ, ಬುಡಕ್ಕೆಲ್ಲ ಹಬ್ಬಿಕೊಂಡ ಜಾಲಿಮುಳ್ಳನ್ನು ಬೇರುಸಹಿತ ಕೀಳಬೇಕು, ಹೂಳು ತುಂಬಿದ ಸಣ್ಣ ಕೆರೆಯನ್ನು ತೋಡಬೇಕು. ಹುಲ್ಲು ಮರಳಿ ಬಂದರೆ ಕರಿಕುರಿಯ ಹಿಂಡು ಬೆಳೆಯುತ್ತದೆ, ನಿಂತುಹೋದ ಮಗ್ಗಗಳು ಮತ್ತೆ ಆಡುತ್ತವೆ.

ಈ ಅರ್ಜಿಯನ್ನು ಇಲ್ಲಿಯವರೆಗೆ ತಳ್ಳಿಕೊಂಡು ಬಂದವಳು ಅವರ ಎದುರಿಗೆ ಕೂತಿದ್ದ ಪ್ರಿಯಂವದಾ. ಟ್ರಸ್ಟಿನ ಪರವಾಗಿ ಎರಡು ಸಲ ಆ ಊರಿಗೆ ಹೋಗಿ, ಗುಡ್ಡ ಸುತ್ತಿ, ಕೊಮುರವ್ವನ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬಂದಿದ್ದಳು. ಮಾತೆಲ್ಲ ತೆಲುಗಿನಲ್ಲೇ. ಅವಳ ಮನೆಯವರು ಮೂಲದಲ್ಲಿ ಕಲಬುರಗಿ ಕಡೆಯವರು, ಅಜ್ಜನ ಕಾಲದಿಂದ ಹೈದರಾಬಾದಿನ ಸರಕಾರಿ ನೌಕರಿಯಲ್ಲಿದ್ದವರು. ಹೊರಗೆ ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ಕನ್ನಡವನ್ನು ಹೊಸ್ತಿಲಲ್ಲಿ ಬಿಟ್ಟು ಹೋಗುವುದು ಆ ಮನೆಯ ರೂಢಿ.

ಮೇಜಿನ ತುದಿಯಲ್ಲಿ ಕೂತಿದ್ದವಳು ಕಚೇರಿಯ ಮುಖ್ಯಸ್ಥೆ ಹರ್ಷದಾ. ಕೆಟ್ಟವಳೇನಲ್ಲ. ತಾನೇ ನಿಂತು ನೆಡಿಸಿದ ಸಸಿಗಳನ್ನು ಆಡು, ಕುರಿ ಮೇಯ್ದು ಕಡ್ಡಿ ಮಾಡಿದ್ದನ್ನು ಊರೂರಲ್ಲಿ ಕಂಡು ಬೇಸತ್ತವಳು.

“ನಿಮ್ಮ ಬೀಡು ಪೂರ್ತಿ ಹಸಿರಾಗುತ್ತದೆ, ಅಮ್ಮಾ,” ಎಂದಳು ತೆಲುಗಿನಲ್ಲಿ, ಚಿತ್ರದ ಗುಡ್ಡದ ಬುಡವನ್ನು ತೋರಿಸುತ್ತ. “ಒಂದೇ ಷರತ್ತು. ಸುತ್ತಲೂ ಬೇಲಿ ಹಾಕುತ್ತೇವೆ. ಗಿಡ ಎದ್ದು ನಿಲ್ಲುವವರೆಗೆ, ಐದು ವರ್ಷ, ಒಂದು ಕುರಿಯೂ ಒಳಗೆ ಕಾಲಿಡಬಾರದು. ಒಪ್ಪಿಗೆಯಾದರೆ ಇವತ್ತೇ ಸಹಿ ಮಾಡೋಣ.”

ಕೊಮುರವ್ವ ಮೈದುನನ ಕಡೆ ತಿರುಗಿದಳು. ಇಬ್ಬರೂ ತಲೆ ತಗ್ಗಿಸಿ, ದನಿ ತಗ್ಗಿಸಿ ಮಾತಿಗೆ ತೊಡಗಿದರು.

“ಬೀಡಿಗೆ ಬೇಲಿ ಹಾಕತಾರಂತ, ಅತ್ತಿಗಿ.”

“ಕೇಳಿದೆ.”

“ಕುರಿ ಎಲ್ಲಿ ಇಳೀಬೇಕು ಮತ್ತ?”

“ಹೂಂ ಅನ್ನು,” ಎಂದಳು ಕೊಮುರವ್ವ. “ಕೆರಿ ಹೂಳರೆ ತೆಗಸತಾರ. ಊರಿಗೆ ನೀರಾಗತೈತಿ. ಆ ಜಿಯಾಗುಡಾ ಕುರಿಸಂತಿ ದಲ್ಲಾಳಿ ಮುಂಜಾನಿಂದ ಫೋನ್ ಮಾಡಾಕತ್ತಾನಲ್ಲ, ನಾಳಿಗೆ ಲಾರಿ ತಾ ಅನ್ನು.”

“ಎಲ್ಲಾ ಕುರಿ?”

“ಎಲ್ಲಾ. ಅರ್ಧ ಇಟಗೊಂಡು ಎಲ್ಲಿ ಮೇಸ್ತಿ?” ಅವಳ ದನಿ ಒಡೆಯಲಿಲ್ಲ. ಕಂಬಳಿಯ ಅಂಚನ್ನು ಮಾತ್ರ ಎದೆಗೆ ಎಳೆದುಕೊಂಡಳು.

ಪ್ರಿಯಂವದಾಳ ಮೈ ಜುಮ್ಮೆಂದಿತು. ಇವರು ಕನ್ನಡ ಮಾತಾಡುತ್ತಿದ್ದಾರೆ! ತೆಲುಗು ಸೀಮೆಯ ಒಳನಾಡಿನಲ್ಲಿ, ಸುತ್ತ ಎತ್ತ ನೋಡಿದರೂ ಕನ್ನಡದ ಒಂದು ಬೋರ್ಡೂ ಇಲ್ಲದ ಊರಿನಲ್ಲಿ, ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಬರೀ ಬಾಯಿಂದ ಬಾಯಿಗೆ ಬಂದ ಕನ್ನಡ. ಅಲ್ಲಲ್ಲಿ ರಾಗ ತೆಲುಗಿನ ಕಡೆ ವಾಲಿತ್ತು, ಆದರೆ ಮಾತು ಅವಳ ಅಜ್ಜಿ ಸುಂದರಾಬಾಯಿಯ ಅಡುಗೆಮನೆಯದೇ. ಯಾವ ಕಾಲದಲ್ಲಿ ಯಾವ ಹಿಂಡಿನ ಬೆನ್ನು ಹತ್ತಿ ಅತ್ತ ಹೋದವರೋ ಇವರು! ಇಷ್ಟು ದಿನವೂ ಈ ಮಾತು ಅಲ್ಲಿ ಜೀವ ಹಿಡಿದುಕೊಂಡು ಕೂತಿತ್ತಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಮೀಟಿಂಗಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಎಂದು ನೀರು ಕುಡಿದಳು.

ನೀರು ಗಂಟಲಲ್ಲಿ ಇಳಿಯುತ್ತಿರುವಾಗಲೇ ಆ ಪದ ತಲೆಗೆ ಬಡಿಯಿತು. ಬೀಡು.

ಮೊದಲ ಸಲ ಹೋದಾಗ ಗುಡ್ಡದ ಬುಡದಲ್ಲಿ ನಿಂತು ಕೊಮುರವ್ವ ಕೈ ಚಾಚಿ, “ಇದಿ ಮಾ ಬೀಡು,” ಇದು ನಮ್ಮ ಬೀಡು, ಅಂದಿದ್ದಳು. ತೆಲುಗಿನಲ್ಲಿ ಬೀಡು ಎಂದರೆ ಉಳದೆ ಬಿಟ್ಟ ಪಾಳು ನೆಲ. ಕಣ್ಣೆದುರು ಇದ್ದದ್ದೂ ಮುಳ್ಳು, ಕಲ್ಲು. ಪಾಳುಬಿದ್ದ ನೆಲ ಅಂತ ಅವರೇ ಹೇಳುತ್ತಾರೆ ಮೇಡಂ ಎಂದು ಕಚೇರಿಗೆ ಬಂದು ವರದಿ ಒಪ್ಪಿಸಿದವಳು ಪ್ರಿಯಂವದಾ. ಪಾಳು ನೆಲ ಎಂದ ಮೇಲೆ ಬೇಲಿ ಹಾಕುವುದಕ್ಕೆ ಯಾರ ಅಡ್ಡಿ? ಆದರೆ ಕಲಬುರಗಿಯಿಂದ ನೆಂಟರು ಬಂದು ವಾರಗಟ್ಟಲೆ ಕದಲದಿದ್ದಾಗ ಅಜ್ಜಿ ಪಿಸುಗುಡುತ್ತಿದ್ದದ್ದು ಏನು? “ಬೀಡು ಬಿಟ್ಟಾರ ನೋಡವಾ, ಅಕ್ಕಿ ಹೆಚ್ಚಿಗಿ ಇಡು.”

ಬೀರಯ್ಯ ಸಹಿಗಾಗಿ ಕೈ ಮುಂದೆ ಮಾಡಿದ್ದ. ಈಗ ಬಾಯಿ ಬಿಟ್ಟರೆ ತನ್ನ ವರದಿಗೆ ತಾನೇ ಮಸಿ ಬಳಿದಂತೆ. ಬಿಡದಿದ್ದರೆ ನಾಳೆ ಎರ್ರಗುಟ್ಟಕ್ಕೆ ಲಾರಿ. ಪ್ರಿಯಂವದಾ ಆ ಕಚೇರಿಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು.

“ಅವ್ವಾ, ಕುರಿ ಮಾರಬ್ಯಾಡ್ರಿ.”

ಬೀರಯ್ಯನ ಕೈ ಗಾಳಿಯಲ್ಲೇ ನಿಂತಿತು. ಕೊಮುರವ್ವ ನಿಧಾನವಾಗಿ ತಲೆ ಎತ್ತಿದಳು.

“ನೀ ನಮ್ಮ ಮಾತು ಆಡ್ತಿಯೇನ, ಯವ್ವಾ?”

“ಹೌದ್ರಿ. ನಮ್ಮ ಮನ್ಯಾಗ ಇದ ಮಾತು.”

“ಎರಡು ಸಲ ಬಂದು ನನ್ನ ಕೈಯಾಗಿನ ರೊಟ್ಟಿ ತಿಂದಿ. ಒಮ್ಮೆರೆ ಬಾಯಿ ಬಿಟ್ಟೇನು?”

“ನೀವೂ ಬಿಡಲಿಲ್ಲಲ್ರಿ.”

“ನಾವು ಹೊರಗಿನವರ ಮುಂದ ಆಡಂಗಿಲ್ಲವಾ. ನಗತಾರ.”

“ನಾವೂ ಆಡಂಗಿಲ್ರಿ,” ಎಂದಳು ಪ್ರಿಯಂವದಾ.

ಬೀರಯ್ಯ ಹೋ ಎಂದು ನಕ್ಕುಬಿಟ್ಟ. ಏನಾಯಿತೆಂದು ತಿಳಿಯದೆ ಹರ್ಷದಾ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಪ್ರಿಯಂವದಾ ಅವಳಿಗೆ ಕೇಳಿಸುವಂತೆ ಗಟ್ಟಿಯಾಗಿಯೇ ಕೇಳಿದಳು: “ಬೀಡಂದ್ರ ಏನ್ರಿ ಅವ್ವಾ, ನಿಮ್ಮ ಮಾತಿನ್ಯಾಗ?”

“ಬೀಡಂದ್ರ ಬೀಡು. ಮೇಯ್ದು ಬಂದ ಕುರಿ ಹೊತ್ತು ಮುಣಗಿದ ಮ್ಯಾಲ ಇಳಿಯೋ ಜಾಗ. ಅವುರ ಹಿಕ್ಕಿ ಬಿದ್ದಲ್ಲಿ ಮಳಿಗಾಲಕ್ಕ ಹುಲ್ಲು ಏಳತೈತಿ. ನನ್ನ ಗಂಡ ಅಲ್ಲೇ ಹುಟ್ಯಾನ, ಕುರಿ ನಡುವ. ನಮಗ ಅದು ಮನಿ ಇದ್ದಂಗ.”

ಪ್ರಿಯಂವದಾ ಒಂದು ಮಾತೂ ಬಿಡದೆ ತೆಲುಗಿಗೆ ತಂದಳು. ಆಮೇಲೆ, “ತಪ್ಪು ನನ್ನದು ಮೇಡಂ. ಅವರು ಮನೆ ಅಂದದ್ದನ್ನು ನಾನು ಪಾಳು ಅಂತ ಕೇಳಿಸಿಕೊಂಡೆ,” ಎಂದಳು.

ಹರ್ಷದಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಪದ ತಪ್ಪಾಯಿತು, ಸರಿ. ಆದರೆ ಟ್ರಸ್ಟಿಗಳು ನನ್ನನ್ನೇ ಕೇಳುತ್ತಾರೆ. ಇಷ್ಟೆಲ್ಲ ಕೆಲಸ ಮಾಡಿಸಿ ಕುರಿ ಬಿಟ್ಟರೆ, ಅದು ಇವರ ಕೈಯಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಏನು?”

ಗ್ಯಾರಂಟಿ ಎಂಬ ಪದ ಕೊಮುರವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಎದ್ದು ನಿಂತು ಹೊದ್ದ ಕಂಬಳಿಯನ್ನು ತೆಗೆದಳು.

“ನನ್ನ ಗಂಡಗೂ ಸಂತ್ಯಾಗ ಕಂಬಳಿ ಕೊಳ್ಳೋರು ಇದನ್ನ ಕೇಳತಿದ್ರು. ಅಂವ ಬಾಯಿಲೆ ಹೇಳತಿರಲಿಲ್ಲ. ನೀರು ತಾ ಅಂತಿದ್ದ,” ಎಂದಳು. “ಮೂಲಿ ಹಿಡೀರಿ.”

ಬೀರಯ್ಯ ಎರಡು ಮೂಲೆ ಹಿಡಿದ. ಒಂದನ್ನು ಕೊಮುರವ್ವ ಹಿಡಿದು, ಇನ್ನೊಂದನ್ನು ಹರ್ಷದಾಳ ಕೈಗೆ ಕೊಟ್ಟಳು. ಹರ್ಷದಾ ಬೇಡ ಅನ್ನುವಷ್ಟರಲ್ಲಿ ಅದು ಅವಳ ಕೈಯಲ್ಲಿತ್ತು. ಪ್ರಿಯಂವದಾ ಮೇಜಿನ ಮೇಲಿದ್ದ ಬಾಟಲಿಗಳ ನೀರನ್ನೆಲ್ಲ ಕಂಬಳಿಯ ನಡುವೆ ಸುರಿದಳು. “ಲ್ಯಾಪ್‌ಟಾಪ್, ಲ್ಯಾಪ್‌ಟಾಪ್!” ಎಂದು ಹರ್ಷದಾ ಚೀರಿದಳು. ಪ್ರಿಯಂವದಾ ಅದನ್ನು ಸರಿಸಿ, ಬೀರಯ್ಯನ ಕೈಯಿಂದ ಒಂದು ಮೂಲೆ ತೆಗೆದುಕೊಂಡಳು.

ನಾಲ್ವರೂ ಕಂಬಳಿಯ ಕೆಳಗೆ ಬಗ್ಗಿ ನೋಡಿದರು. ಹನಿ ಬೀಳಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ನೋಡಿದರು. ಹನಿ ಬೀಳಲಿಲ್ಲ. ಕರಿಯ ಉಣ್ಣೆಯ ತಗ್ಗಿನಲ್ಲಿ ನೀರು ಸಣ್ಣ ಕೆರೆಯ ಹಾಗೆ ನಿಂತಿತ್ತು, ಚಾವಣಿಯ ದೀಪಗಳು ಅದರಲ್ಲಿ ಮೆಲ್ಲಗೆ ತೂಗುತ್ತಿದ್ದವು. ಹರ್ಷದಾ ಉಸಿರು ಬಿಗಿಹಿಡಿದಿದ್ದಳು. ತಾನು ಉಸಿರು ಬಿಟ್ಟರೆ ಎಲ್ಲಿ ಸೋರುತ್ತದೋ ಎಂಬ ಮಗುವಿನ ಭಯ ಅವಳ ಮುಖದಲ್ಲಿತ್ತು. ಗಾಜಿನ ಬಾಗಿಲ ಹೊರಗೆ ಹುಡುಗಿಯರೆಲ್ಲ ಬಂದು ಸಾಲಾಗಿ ನಿಂತಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

“ಬೀಡಿನ ಕುರಿ ಉಣ್ಣಿ ಇದು,” ಎಂದಳು ಕೊಮುರವ್ವ. “ನೂಲು ಹುಣಸಿ ಬೀಜದ ಗಂಜಿ ಕುಡದೈತಿ. ಅಂವ ನೇಯ್ದ ಕಡೀ ಕಂಬಳಿ. ಅಂವ ಇಲ್ಲ ಈಗ. ನೀರು ನಿಂತೈತಿ.”

ಪ್ರಿಯಂವದಾ ಇದನ್ನು ತೆಲುಗಿಗೆ ತರಲು ಹೋಗಿ ಅರ್ಧಕ್ಕೇ ನಿಂತಳು. ಹರ್ಷದಾ ಬೇಡ ಎಂಬಂತೆ ತಲೆಯಾಡಿಸಿದಳು, ಅವಳಿಗೆ ಅರ್ಥವಾಗಿತ್ತು.

ಈಗ ಈ ನೀರನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಬಚ್ಚಲಿಗೆ ಸುರಿಯೋಣ ಎಂದ ಬೀರಯ್ಯನನ್ನು ಕೊಮುರವ್ವ ಗದರಿದಳು. ಒಳಗೆ ಬರುವಾಗ ಕೆಳಗೆ ಗೇಟಿನ ಹತ್ತಿರ ಒಂದು ಬೇವಿನ ಗಿಡ ಬಾಡಿ ನಿಂತದ್ದನ್ನು ಅವಳು ನೋಡಿದ್ದಳು. ನಾಲ್ವರು ಒಂದು ಕೆರೆಯನ್ನು ಹಿಡಿದುಕೊಂಡು ಲಿಫ್ಟಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಮೆಟ್ಟಿಲು ಇಳಿಯಬೇಕಾಯಿತು. ಕಚೇರಿಯ ನಡುವೆ ಹೋಗುವಾಗ ಜನ ಕುರ್ಚಿ ಬಿಟ್ಟು ಎದ್ದು ದಾರಿ ಕೊಟ್ಟರು. ಹರ್ಷದಾ ಹಿಮ್ಮುಖವಾಗಿ ಇಳಿಯುತ್ತಿದ್ದಳು.

“ಹಿಂದ ನೋಡಬ್ಯಾಡವಾ. ನೀರು ನೋಡು. ಹೂಂ, ಇನ್ನೊಂದು ಮೆಟ್ಟಲ,” ಎನ್ನುತ್ತಿದ್ದಳು ಕೊಮುರವ್ವ ತನ್ನ ಮಾತಿನಲ್ಲೇ. ಹರ್ಷದಾ ಎಲ್ಲ ತಿಳಿದವಳಂತೆ ಅವಳು ಹೇಳಿದಲ್ಲೇ ಕಾಲಿಟ್ಟಳು.

ಮೊದಲನೆಯ ಮಹಡಿಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಹರ್ಷದಾ ನೀರಿನಿಂದ ಕಣ್ಣು ಕೀಳದೆ, “ಪ್ರಿಯಂವದಾ, ಬೇಲಿಯ ಷರತ್ತು ತೆಗೆದುಬಿಡು,” ಎಂದಳು. “ಮುಳ್ಳು ಕಿತ್ತ ಕಡೆ ಹುಲ್ಲು ಏಳುವವರೆಗೆ ಅಷ್ಟು ತುಂಡು ಬಿಟ್ಟು ಮೇಯಿಸಲಿ, ಸರದಿಯ ಮೇಲೆ. ಯಾವ ತುಂಡು ಎಂದು ಅವರೇ ಹೇಳಲಿ. ಟ್ರಸ್ಟಿಗಳಿಗೆ ಉತ್ತರ ನಾನು ಕೊಡುತ್ತೇನೆ. ಅದಕ್ಕೆ ಮುಂಚೆ ಒಂದು ಸಲ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಕುರಿ ಇಳಿಯುವ ಹೊತ್ತಿಗೆ.”

ಪ್ರಿಯಂವದಾ ಅದನ್ನು ಕನ್ನಡದಲ್ಲಿ ಹೇಳಿದಳು. ಕೊಮುರವ್ವ ತನ್ನ ಮೂಲೆಯನ್ನು ಇನ್ನಷ್ಟು ಎತ್ತಿ ಹಿಡಿದಳು. ನೀರು ಸಣ್ಣಗೆ ಅಲುಗಿ ಮತ್ತೆ ನಿಂತಿತು. “ನಡೀರಿ,” ಎಂದಳು ಆಮೇಲೆ.

ಬೇವಿನ ಬುಡದಲ್ಲಿ ನಾಲ್ವರೂ ಒಟ್ಟಿಗೆ ಕಂಬಳಿ ವಾಲಿಸಿದರು. ಒಣಮಣ್ಣು ಸೊರ್ ಎಂದು ನೀರು ಕುಡಿಯಿತು. ಹರ್ಷದಾ ತಿರುಗಿ ಬಂದ ದಾರಿಯನ್ನು ನೋಡಿದಳು; ಮೆಟ್ಟಿಲಿನಿಂದ ಇಲ್ಲಿಯವರೆಗೆ ನೆಲ ಒಣಗೇ ಇತ್ತು.

ಬೀರಯ್ಯನ ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಸಲ ಅವನು ಅದನ್ನು ಒತ್ತಿಹಿಡಿಯಲಿಲ್ಲ. ದಲ್ಲಾಳಿಯ ಜೊತೆ ಅವನ ವ್ಯವಹಾರವೆಲ್ಲ ಹಿಂದಿ, ತೆಲುಗಿನಲ್ಲೇ. ಇವತ್ತು ಸಿಕಂದರಾಬಾದಿನ ಬೀದಿಬದಿಯಲ್ಲಿ ನಿಂತು, ಬಸ್ಸುಗಳ ಹಾರ್ನಿನ ಮೇಲೆ ದನಿ ಎತ್ತಿ, ಮೈಮರೆತು ಮನೆಯ ಮಾತಿನಲ್ಲೇ ಹೇಳಿದ:

“ಲಾರಿ ಬ್ಯಾಡಪ್ಪ. ಕುರಿ ಬೀಡಿನ್ಯಾಗ ಅದಾವ.”

“ಕ್ಯಾ? ಕ್ಯಾ ಬೋಲೆ?” ಎಂದು ಆ ಕಡೆಯವನು ಕೂಗುವುದು ಎಲ್ಲರಿಗೂ ಕೇಳಿಸಿತು.

“ಬೀಡಿನ್ಯಾಗ ಅದಾವ! ಬೀಡಿನ್ಯಾಗ!” ಎಂದ ಬೀರಯ್ಯ ಇನ್ನೂ ಗಟ್ಟಿಯಾಗಿ.

ಕೊಮುರವ್ವ ಕಂಬಳಿಯನ್ನು ಒಮ್ಮೆ ಝಾಡಿಸಿ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಹರವಿದಳು. ಆಮೇಲೆ ಬೇವಿನ ಚೂರು ನೆರಳಿನಲ್ಲಿ ಕಾಲು ಚಾಚಿ ಕೂತು, ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ, ಬಾ ಎಂದು ಹರ್ಷದಾಳನ್ನು ಕೈಮಾಡಿ ಕರೆದಳು. ಹರ್ಷದಾ ಸೀರೆಯ ನೆರಿಗೆ ಸರಿಪಡಿಸಿಕೊಂಡು ಅಲ್ಲೇ ಕೂತಳು.