ಬರೆಗೆ ಬಂದ ಹೆಸರು

ನಾನು ಹುಬ್ಬಳ್ಳಿಯ ಫಕೀರಪ್ಪನ ಯಕೃತ್ತು. ಅವನು ತಾಯಿಯ ಹೊಟ್ಟೆಯಲ್ಲಿ ಹುರುಳಿಕಾಳಿನಷ್ಟಿದ್ದಾಗಲೇ ಹುಟ್ಟಿ ಕೆಲಸಕ್ಕೆ ನಿಂತವನು ನಾನು. ಬಲಪಕ್ಕೆಯ ಕೆಳಗೆ, ಕತ್ತಲಲ್ಲಿ ನನ್ನ ವಾಸ. ಹೃದಯದ ಹಾಗೆ ಬಡಿದುಕೊಳ್ಳಲು ನನಗೆ ಬರುವುದಿಲ್ಲ. ಹಾಗಾಗಿ ನನ್ನನ್ನು ವಿಚಾರಿಸುವವರೂ ಇಲ್ಲ.

ಫಕೀರಪ್ಪ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಸ್ಪ್ರೇ ಗನ್ ಹಿಡಿಯುವ ಮುನ್ನ ಕಾರಿನ ಗಾಜಿಗೆ, ಲೈಟಿಗೆ ಹಳೆ ಪೇಪರು ಅಂಟಿಸಿ ಜೋಪಾನ ಮಾಡುತ್ತಿದ್ದ. ತನ್ನ ಮೂಗಿಗೆ ಮಾತ್ರ ಏನೂ ಇಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುತ್ತಿದ್ದದ್ದೂ ಬಣ್ಣ ಕರಗಿಸುವ ಥಿನ್ನರಿನಲ್ಲೇ. ಮೊದಮೊದಲು ತಲೆ ಸುತ್ತುತ್ತಿತ್ತು. ಬರಬರುತ್ತ ಅದು ನಿಂತಿತು.

"ಈಗ ಮೈಗೆ ಒಗ್ಗೇತಿ ಬಿಡ," ಎಂದು ಹೆಂಡತಿ ನೀಲವ್ವನ ಮುಂದೆ ಬೀಗಿದ.

ಮೈಗೆ ಏನೂ ಒಗ್ಗಿರಲಿಲ್ಲ. ಒಳಗೆ ನಾನು ಮೈಮುರಿದು ದುಡಿಯುತ್ತಿದ್ದೆ. ವಿಷ ಹೆಚ್ಚಿದಂತೆ ಕಿಣ್ವಗಳೆಂಬ ಆಳುಗಳನ್ನು ಹೆಚ್ಚಿಸಿಕೊಂಡೆ. ನನ್ನಲ್ಲಿ ಎರಡು ತಂಡ. ಮೊದಲನೆಯದು ವಿಷವನ್ನು ಒಡೆಯುತ್ತದೆ. ಒಡೆದ ಚೂರು ಕೆಲವೊಮ್ಮೆ ಮೂಲ ವಿಷಕ್ಕಿಂತ ಕೆಟ್ಟದ್ದು. ಎರಡನೆಯದು ಆ ಚೂರಿಗೆ ಗ್ಲುಟಾಥಯೋನ್ ಎಂಬ ಪದಾರ್ಥ ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಸಾಗಿಸುತ್ತದೆ. ಸಂಜೆಯಾದರೆ ಈ ಮಹಾರಾಯ ಥಿನ್ನರಿನ ವಾಸನೆ ಹೋಗಲೆಂದು ಕ್ವಾರ್ಟರ್ ಏರಿಸುತ್ತಿದ್ದ. ಅದು ಒಡೆಯುವವರನ್ನೇ ಇನ್ನಷ್ಟು ಹೆಚ್ಚಿಸಿತು. ಕಟ್ಟುವ ಪದಾರ್ಥ ಮುಗಿಯಿತು. ಚೂರುಗಳು ನನ್ನನ್ನೇ ತಿಂದವು.

ಅವನ ಕಣ್ಣು ಹಳದಿಯಾಯಿತು.

"ಕಾಮಣಿ ಆಗೇತಿ," ಎಂದ ನೀಲವ್ವ ದವಾಖಾನೆಗಲ್ಲ, ಬರೆ ಹಾಕುವ ಮುದುಕಿಯ ಹತ್ತಿರ ಕರೆದೊಯ್ದಳು. ಮುದುಕಿ ಮುಂಗೈಗೆ ಕಾದ ಸೂಜಿ ಇಟ್ಟು, "ತಿಂಗಳತನಕ ಕುಡೀಬ್ಯಾಡ, ಮನಿ ಬಿಟ್ಟ ಹೊರಗ ಹೋಗಬ್ಯಾಡ," ಎಂದಳು. ಪಥ್ಯ ತಪ್ಪಿದರೆ ಕೇಡೆಂದು ಹೆದರಿ ಅವನು ಮನೆಯಲ್ಲೇ ಉಳಿದ. ನನ್ನ ಆಯುಷ್ಯದಲ್ಲಿ ಸಿಕ್ಕ ಒಂದೇ ರಜೆ ಅದು. ಸತ್ತ ಭಾಗವನ್ನು ಮತ್ತೆ ಬೆಳೆಸಿಕೊಂಡೆ. ಅವನ ಕಣ್ಣು ಬೆಳ್ಳಗಾಯಿತು. ಹೆಸರು ಮಾತ್ರ ಬರೆಗೆ ಬಂತು. ಓಣಿಯವರಿಗೆಲ್ಲ ಮುಂಗೈ ತೋರಿಸುತ್ತ ತಿರುಗಿದ. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ತಿಂಗಳು ಮುಗಿದದ್ದೇ ತಡ, ಅದೇ ಗ್ಯಾರೇಜು, ಅದೇ ಕ್ವಾರ್ಟರ್.

ವರ್ಷಗಳು ಹೀಗೇ ಕಳೆದು, ಈಗ ನಾನು ಗಂಟುಗಂಟಾಗಿ ಬಿಗಿದುಹೋಗಿದ್ದೇನೆ. ಅವನ ಹೊಟ್ಟೆಯಲ್ಲಿ ನೀರು ತುಂಬಿದೆ. ದೊಡ್ಡ ದವಾಖಾನೆಯ ಡಾಕ್ಟರು ನೀಲವ್ವನನ್ನು, "ಮೊದಲ ಎಂದಾದ್ರೂ ನೋವು ಅಂದಿದ್ರೇನು?" ಎಂದು ಕೇಳಿದರು.

"ಒಂದಿನಾನೂ ಅಂದಿಲ್ರಿ."

ನಿಜ. ನೋವು ಅನ್ನುವುದನ್ನು ನಾನು ಕಲಿಯಲೇ ಇಲ್ಲ.

ಡಾಕ್ಟರು ಹೋದಮೇಲೆ ಅವಳು ಗಂಡನ ಕಡೆ ಬಾಗಿ, "ಇನ್ನೊಮ್ಮೆ ಬರಿ ಹಾಕಿಸಿದ್ರ ಹ್ಯಾಂಗ್ರಿ?" ಎಂದಳು.

ನನ್ನಲ್ಲಿ ಮತ್ತೆ ಬೆಳೆಯುವ ಶಕ್ತಿ ಉಳಿದಿಲ್ಲ. ಹಾಗೆಂದು ಹೇಳಲು ಬಾಯಿಯೂ ಇಲ್ಲ.

ಫಕೀರಪ್ಪ ಹಳದಿ ಕಣ್ಣು ತೆರೆದು, ಹಳೆ ಕಲೆಯ ಪಕ್ಕದಲ್ಲಿ ಜಾಗ ತೋರಿಸುತ್ತ ಮುಂಗೈ ಚಾಚಿದ.